ತೇಲುವ ಕೊರಡಿಗೆ ಗ್ರಾನೈಟ್ ಪಾದ

ಬೆಂಗಳೂರಿನ ವಿಜಯನಗರ, ಬಸವೇಶ್ವರನಗರದ ಮನೆಗಳಲ್ಲಿ ಅಡುಗೆಮನೆ ಕಟ್ಟೆಗೆ ಗ್ರಾನೈಟ್ ಹಾಸುವಾಗ, ಸಿಂಕ್ ಕೂರಿಸಲೆಂದು ಕೊಯ್ದು ತೆಗೆದ ತುಂಡೊಂದು ಉಳಿಯುತ್ತದೆ. ಸಾಮಾನ್ಯವಾಗಿ ಅದು ತಾರಸಿಯ ಮೂಲೆ ಸೇರುತ್ತದೆ. ಅಕ್ವೇರಿಯಂನಲ್ಲಿ ಡ್ರಿಫ್ಟ್‌ವುಡ್ ಕೊರಡು ನಿಲ್ಲಿಸಲು ಅದಕ್ಕಿಂತ ಒಳ್ಳೆಯ ಆಧಾರ ಸಿಗುವುದು ಕಷ್ಟ.

ಒಣ ಕೊರಡಿನ ರಂಧ್ರಗಳ ತುಂಬ ಗಾಳಿ, ಅದಕ್ಕೇ ತೇಲುತ್ತದೆ. ಆಫ್ರಿಕಾದ ಮೊಪಾನಿಯಂಥ ಭಾರದ ಮರ ತಾನಾಗಿ ಮುಳುಗೀತು. ಹಗುರವಾದ ಬೇರು, ಕೊಂಬೆಗಳು ವಾರಗಟ್ಟಲೆ ನೆನೆಸಿದರೂ ಮೇಲೇಳುತ್ತವೆ. ಸಾಂದ್ರತೆ 0.7 ಇರುವ 2 ಕೆ.ಜಿ. ಕೊರಡನ್ನು ನೀರು ಸುಮಾರು 860 ಗ್ರಾಂನಷ್ಟು ಬಲದಿಂದ ಮೇಲಕ್ಕೆತ್ತುತ್ತದೆ. ಒಂದು ಚದರಡಿಯ, 18 ಮಿ.ಮೀ. ದಪ್ಪದ ಗ್ರಾನೈಟ್ ಸುಮಾರು 4.5 ಕೆ.ಜಿ. ತೂಗುತ್ತದೆ, ನೀರೊಳಗೂ ಅದರ ತೂಕ 2.8 ಕೆ.ಜಿ.ಗೆ ಕಡಿಮೆಯಾಗುವುದಿಲ್ಲ. ಕೊರಡನ್ನು ಹಿಡಿದಿಡಲು ಅಷ್ಟು ಧಾರಾಳ ಸಾಕು.

ಕೆಲವರು ಕೊರಡನ್ನು ಎದುರುಬದುರು ಗಾಜುಗಳ ನಡುವೆ ಸಿಕ್ಕಿಸಿಬಿಡುತ್ತಾರೆ. ಇದನ್ನು ಖಂಡಿತ ಮಾಡಬಾರದು. ಮರ ನೀರು ಕುಡಿದು ಉಬ್ಬುತ್ತದೆ, ಗಾಜು ಬಗ್ಗುವುದಿಲ್ಲ.

ಕಲ್ಲು ಕೊಯ್ಯುವವರಲ್ಲಿ ತುಂಡಿಗೆ ಎರಡು ತೂತು ಹಾಕಿಸಿ, ಕೆಳಗಿನಿಂದ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಬಿಗಿಯಬೇಕು. ಒಂದೇ ಸ್ಕ್ರೂ ಆದರೆ ಕೊರಡು ತಿರುಗುತ್ತದೆ. ಕಬ್ಬಿಣದ್ದಾದರೆ ತುಕ್ಕು. ಸ್ಕ್ರೂವಿನ ತಲೆ ಕಲ್ಲಿನೊಳಗೇ ಅಡಗುವಂತೆ ತೂತಿನ ಬಾಯಿ ಅಗಲವಾಗಿರಲಿ. ಹೊರಗೆ ಉಬ್ಬಿದ್ದರೆ ಅಷ್ಟೂ ಭಾರ ಆ ಒಂದು ಬಿಂದುವಿನಲ್ಲಿ ತಳದ ಗಾಜನ್ನು ಒತ್ತುತ್ತದೆ. ಕಲ್ಲನ್ನು ಮೊದಲು ತಳದಲ್ಲಿ ಕೂರಿಸಿ, ಆಮೇಲೆ ಮರಳು ಸುರಿಯಬೇಕು. ಮರಳಿನ ಮೇಲಿಟ್ಟರೆ ಸಿಕ್ಲಿಡ್‌ನಂಥ ಅಗೆಯುವ ಮೀನುಗಳು ಬುಡ ಸಡಿಲಿಸುತ್ತವೆ.

ಕಡಪ ಕಲ್ಲು ಅಗ್ಗ, ನಿಜ. ಆದರೆ ಅದು ಸುಣ್ಣದ ಜಾತಿ. ನಿಧಾನವಾಗಿ ಕರಗಿ ನೀರಿನ ಗಡಸುತನ ಹೆಚ್ಚಿಸುತ್ತದೆ. ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಮೊದಲೇ ಅದು ಹೆಚ್ಚಿರುತ್ತದೆ. ಸಂಶಯವಿದ್ದರೆ ಕಲ್ಲಿನ ಮೇಲೆ ವಿನೆಗರ್ ಹನಿಸಿ ನೋಡಬಹುದು. ನೊರೆಯೆದ್ದರೆ ಆ ಕಲ್ಲು ಬೇಡ.

ಮರದ ಮೂಲವೂ ಮುಖ್ಯ. ಕೆಂಗೇರಿ ಕಡೆ ವೃಷಭಾವತಿಯ ದಡದಲ್ಲಿ ಚೆಂದದ ಬೇರು ಕಂಡರೂ ಕೈ ಹಾಕಬಾರದು. ಆ ಹೊಳೆ ನಗರದ ಒಳಚರಂಡಿಯನ್ನೂ ಕಾರ್ಖಾನೆಗಳ ಕೊಳೆಯನ್ನೂ ಹೊತ್ತು ಅರ್ಕಾವತಿ ಸೇರುತ್ತದೆ. ಮರ ಹೀರಿಕೊಂಡ ವಿಷ ಕುದಿಸಿದರೆ ಹೋಗುತ್ತದೆಂದು ನಂಬುವಂತಿಲ್ಲ. ಒಳ್ಳೆಯ ಕೊರಡನ್ನೂ ಒಂದೆರಡು ಗಂಟೆ ಕುದಿಸುವುದು ಲೇಸು: ಟ್ಯಾನಿನ್ ಬಹುಮಟ್ಟಿಗೆ ಇಳಿದು, ತೊಟ್ಟಿಯ ನೀರು ಚಹಾ ಬಣ್ಣಕ್ಕೆ ತಿರುಗುವುದು ಕಡಿಮೆಯಾಗುತ್ತದೆ. ಮೊದಲ ವಾರಗಳಲ್ಲಿ ಮೂಡುವ ಬಿಳಿ ಲೋಳೆಗೆ ಹೆದರಬೇಕಿಲ್ಲ, ಉಜ್ಜಿದರೆ ಹೋಗುತ್ತದೆ.

ಬಹಳ ಜನ ಮರೆಯುವ ಅಪಾಯ ಬೇರೆಯೇ ಇದೆ. ತೊಟ್ಟಿ ತೊಳೆಯಲು ನೀರು ಖಾಲಿ ಮಾಡಿದಾಗ ಮರವನ್ನು ಎತ್ತಿಹಿಡಿಯುತ್ತಿದ್ದ ಬಲವೂ ಹೋಗುತ್ತದೆ. ಒಂದೇ ಬದಿಗೆ ಉದ್ದ ಚಾಚಿದ, ನೀರು ಕುಡಿದ ಕೊಂಬೆ ಆಗ ಕಲ್ಲಿನ ಸಮೇತ ಗಾಜಿಗೆ ವಾಲಬಹುದು. ಹಾಗಾಗಿ ಕೊಂಬೆಯ ಭಾರ ಕಲ್ಲಿನ ಅಂಚು ದಾಟದಂತೆ ಸ್ಕ್ರೂವಿನ ಜಾಗ ಗುರುತಿಸಬೇಕು. ಕೊರಡನ್ನು ಒಂದು ಇಡೀ ದಿನ ನೆನೆಸಿ, ಕಲ್ಲಿಗೆ ಬಿಗಿದು, ತೊಟ್ಟಿಯ ಹೊರಗೆ ನೆಲದ ಮೇಲೆ ನಿಲ್ಲಿಸಿ, ಬೆರಳಿಂದ ನಾಲ್ಕೂ ಕಡೆ ದೂಡಿ ನೋಡಬೇಕು. ಅಲುಗಾಡಿದರೆ ಇನ್ನೂ ಅಗಲದ ಕಲ್ಲು ಹುಡುಕಬೇಕು.