ಸೀನಿನ ವಂಶಾವಳಿ

ವಂಶಾವಳಿ ಶೋಧನೆಯ ಹವ್ಯಾಸವುಳ್ಳವರು ಶಾಸನಗಳನ್ನೂ ಕೈಫಿಯತ್ತುಗಳನ್ನೂ ಹಳೆಯ ಜಾತಕದ ಕಟ್ಟುಗಳನ್ನೂ ತಡವಿ, ಏಳೆಂಟು ತಲೆಮಾರುಗಳ ಹಿಂದಕ್ಕೆ ಹೋದರೆ ಧನ್ಯರಾದೆವೆಂದು ಭಾವಿಸುವುದುಂಟು. ಆದರೆ ಮನೆತನದ ಅತ್ಯಂತ ಪ್ರಾಚೀನವಾದ ಆಸ್ತಿಯು ಹೆಸರಿನಲ್ಲಿಯೂ ಗೋತ್ರದಲ್ಲಿಯೂ ಇರದೆ, ಮುಂಜಾನೆ ಎದ್ದೊಡನೆ ತಂದೆಮಕ್ಕಳು ಒಬ್ಬರ ಹಿಂದೊಬ್ಬರು ಸೀನುವ ಸೀನಿನಲ್ಲಿ ಅಡಗಿರಬಹುದೆಂಬುದು ಅವರ ಗಮನಕ್ಕೆ ಬಂದಂತಿಲ್ಲ.

ಪ್ರತಿ ಬೇಸಗೆಯಲ್ಲಿಯೂ ತನ್ನನ್ನು ಪೀಡಿಸುತ್ತಿದ್ದ ಈ ಅಲರ್ಜಿಯ ಸೀನಿನ ಉಪದ್ರವವನ್ನು ಲಂಡನ್ನಿನ ವೈದ್ಯ ಜಾನ್ ಬೋಸ್ಟಾಕ್ 1819ರಲ್ಲಿ ವರ್ಣಿಸಿದನು. ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿಯು ತನ್ನ ಮೇಲೆಯೇ ಪ್ರಯೋಗ ನಡೆಸಿ, ಹುಲ್ಲಿನ ಪರಾಗವೇ ಇದಕ್ಕೆ ಕಾರಣವೆಂದು 1873ರ ಗ್ರಂಥದಲ್ಲಿ ಪ್ರತಿಪಾದಿಸಿದನು. ಇಂಥ ಸ್ವದೇಹಪರೀಕ್ಷಕರು ನನಗೆ ಬಹು ಪ್ರಿಯರು. ಆದರೆ ಒಂದೇ ಗಾಳಿಯನ್ನು ಉಸಿರಾಡುವ ಇಬ್ಬರಲ್ಲಿ ಒಬ್ಬನ ಮೂಗು ಮಾತ್ರ ಸೋರುವುದೇಕೆ?

ಉತ್ತರದ ಒಂದು ತುಣುಕು ನಮ್ಮ ವಂಶವಾಹಿಗಳಲ್ಲಿದೆ. ನಮ್ಮ ನಾಲ್ಕನೆಯ ವರ್ಣತಂತುವಿನಲ್ಲಿ ಟಿಎಲ್‌ಆರ್ 1, 6, 10 ಎಂಬ ಮೂರು ವಂಶವಾಹಿಗಳು ಒತ್ತೊತ್ತಾಗಿ ನೆಲಸಿವೆ. ರೋಗಾಣುಗಳ ಸುಳಿವು ಹಿಡಿದು ದೇಹದ ಸೈನ್ಯವನ್ನು ಎಬ್ಬಿಸುವ ಬುರುಜಿನ ಕಾವಲುಗಾರರೇ ಇವುಗಳಿಂದ ಹುಟ್ಟುವ ಪ್ರೋಟೀನುಗಳು. ಲೈಪ್ಜಿಗ್ಗಿನ ಮ್ಯಾಕ್ಸ್ ಪ್ಲ್ಯಾಂಕ್ ಸಂಸ್ಥೆಯವರೂ ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯವರೂ ಬೇರೆಬೇರೆಯಾಗಿ ಹುಡುಕುತ್ತ ಹೋಗಿ 2016ರಲ್ಲಿ ಈ ಒಂದೇ ಠಾವಿಗೆ ಬಂದು ಮುಟ್ಟಿದರು: ಇಂದಿನ ಅನೇಕರಲ್ಲಿರುವ ಈ ವಂಶವಾಹಿಗಳ ಕೆಲವು ರೂಪಗಳು, ಸುಮಾರು 50,000 ವರ್ಷಗಳ ಹಿಂದೆ ನಮ್ಮ ಪೂರ್ವಿಕರೊಡನೆ ಬೆರೆತ ನಿಯಾಂಡರ್ತಲ್ ಮತ್ತು ಡೆನಿಸೋವನ್ ಮಾನವರಿಂದ ಬಂದವು. ಯೂರೇಷ್ಯದ ರೋಗಾಣುಗಳನ್ನು ಲಕ್ಷಾಂತರ ವರ್ಷ ಎದುರಿಸಿದ್ದವರ ಈ ಕೊಡುಗೆ ಹೊಸಬರಿಗೆ ಉಪಕಾರಿಯಾದ್ದರಿಂದಲೇ ಉಳಿದುಬಂದಿರಬೇಕೆಂಬುದು ಪಂಡಿತರ ಊಹೆ. ಆ ರೂಪಗಳನ್ನು ಧರಿಸಿದವರಲ್ಲಿ ಕಾವಲು ಹೆಚ್ಚು ಚುರುಕು. ಜಠರದಲ್ಲಿ ಹುಣ್ಣುಂಟುಮಾಡುವ ಹೆಲಿಕೋಬ್ಯಾಕ್ಟರ್ ಪೈಲೋರಿಯ ಸೋಂಕಿನ ಕುರುಹು ಕಡಿಮೆ, ಅಲರ್ಜಿ ಮಾತ್ರ ಅಧಿಕ.

ನಿಯಾಂಡರ್ತಲರಿಂದಲೇ ನಾವು ಸೀನುತ್ತೇವೆಂದು ಸಾರುವುದು ಶುದ್ಧ ಅತ್ಯುಕ್ತಿ. ಅವರ ಅಂಶ ಅತ್ಯಲ್ಪವಾಗಿರುವ ಆಫ್ರಿಕದ ಜನರೂ ಸೀನುತ್ತಾರೆ. ಆರನೆಯ ವರ್ಣತಂತುವಿನ ಎಚ್‌ಎಲ್‌ಎ ಪ್ರದೇಶವೂ ಸೇರಿದಂತೆ ಹತ್ತಾರು ಕಡೆಗಳಿಂದ ಸ್ವಲ್ಪಸ್ವಲ್ಪವೇ ಪ್ರವೃತ್ತಿ ಕೂಡಿಬರಬೇಕು. ಕೂಡಿಬಂದ ಮೇಲೂ, ನಮ್ಮ ಬೆಂಗಳೂರಿನಲ್ಲಾದರೆ, ಕಾಂಗ್ರೆಸ್ ಗಿಡದ ಪರಾಗವೋ ಮನೆಯ ದೂಳಿನ ನುಸಿಯೋ ಮೂಗಿಗೆ ತಾಗಬೇಕು.

ಮನೆತನದ ವೃಕ್ಷವನ್ನು ಬರೆಯಲು ಕುಳಿತ ವಾಚಕರು ಒಂದೊಂದು ಹೆಸರಿನ ಪಕ್ಕದಲ್ಲಿಯೂ ನೆಗಡಿ, ಉಬ್ಬಸ, ಇಸುಬುಗಳ ವಿವರಕ್ಕೆಂದು ಕೊಂಚ ಸ್ಥಳವನ್ನು ಬಿಡತಕ್ಕದ್ದು. ವೈದ್ಯರು ಕೇಳುವುದು ಅದನ್ನೇ ಹೊರತು ಗೋತ್ರಪ್ರವರಗಳನ್ನಲ್ಲ.