ತಿಥಿಯುಳ್ಳ ಅತಿಥಿಗಳು

ಇಂಗ್ಲೆಂಡಿನಲ್ಲಿ ನೆಲೆಸಿದ ನಮ್ಮಂಥವರ ಪಂಚಾಂಗದಲ್ಲಿ ರಜೆ ಎಂಬ ಶಬ್ದಕ್ಕೆ ಬಹುಕಾಲದಿಂದ ಒಂದೇ ಅರ್ಥ: ಊರಿಗೆ ಹೋಗುವುದು. ಎರಡು ವರ್ಷಕ್ಕೊಮ್ಮೆ, ಕೂಡಿಟ್ಟ ರಜೆಯನ್ನೆಲ್ಲ ಒಟ್ಟುಮಾಡಿ, ಒಂದೊಂದು ಪೆಟ್ಟಿಗೆಯನ್ನೂ ತಕ್ಕಡಿಗೆ ಹಾಕಿ ತೂಗಿ, ಅತ್ತಿಗೆಗೊಂದು ಸ್ವೆಟರು ಭಾವನಿಗೊಂದು ಗಡಿಯಾರವೆಂದು ತುಂಬಿಕೊಂಡು ಬೆಂಗಳೂರಿನಲ್ಲಿ ಇಳಿದೆವೆಂದರೆ, ಅಲ್ಲಿಂದ ಹಿಂದಿರುಗುವ ದಿವಸದವರೆಗೆ ಗಂಡಹೆಂಡಿರು ಒಂದೇ ಸೂರಿನ ಕೆಳಗಿದ್ದರೂ ಒಬ್ಬರ ಮುಖವನ್ನೊಬ್ಬರು ನೆಮ್ಮದಿಯಾಗಿ ನೋಡುವ ಅವಕಾಶವೇ ದುರ್ಲಭ. ಹೀಗಿರುವಲ್ಲಿ, ಮಕ್ಕಳಿಬ್ಬರೂ ಓದಿಗೆಂದು ಬೇರೆ ಬೇರೆ ಊರುಗಳಿಗೆ ಹೊರಟುಹೋದ ವರ್ಷ, ಟೂರ್ ಏಜೆಂಟನೊಬ್ಬನ ಅಂಗಡಿಯ ಗಾಜಿನ ಹಿಂದೆ ತೂಗುಬಿಟ್ಟಿದ್ದ ನೀಲಿ ಸಮುದ್ರದ ಚಿತ್ರದ ಮುಂದೆ ನನ್ನ ಹೆಂಡತಿ ಬಹಳ ಹೊತ್ತು ನಿಂತು, "ಇಲ್ಲಿ ನಮ್ಮ ನೆಂಟರು ಯಾರೂ ಇಲ್ವಲ್ಲ, ಅಲ್ಲಿಗೇ ಹೋಗೋಣ ರೀ" ಎಂದಳು.

ಹೊರಟದ್ದು ಕೊರ್ಫು ದ್ವೀಪಕ್ಕೆ. ಗ್ರೀಕರ ಬಾಯಲ್ಲಿ ಅದು ಕೆರ್ಕಿರಾ. ಆಗಸ್ಟ್ ತಿಂಗಳು, ಏಳು ರಾತ್ರಿ. ವಿಮಾನ, ನಿಲ್ದಾಣದಿಂದ ಹೊಟೆಲಿಗೆ ಬಸ್ಸು, ಬೆಳಗಿನ ತಿಂಡಿ, ರಾತ್ರಿಯ ಊಟ, ಎಲ್ಲಕ್ಕೂ ಸೇರಿ ಒಂದೇ ಬೆಲೆ. ಪ್ಯಾಕೇಜ್ ಟೂರ್ ಎಂಬುದು ಗ್ರಂಥವಲ್ಲ, ನಾಟಕವೂ ಅಲ್ಲ. ಆದರೂ ಅದಕ್ಕೊಬ್ಬ ಕರ್ತೃವಿದ್ದಾನೆ, ವಸ್ತುವಿದೆ, ಸಂಧಿಗಳಿವೆ, ನೋಡುವವನ ಚಿತ್ತವೃತ್ತಿಯನ್ನು ಮೊದಲೇ ಲೆಕ್ಕಹಾಕಿ ಹೆಣೆದ ಸಂವಿಧಾನವಿದೆ. ಆದ ಕಾರಣ ಅದನ್ನೊಂದು ಕೃತಿಯೆಂದೇ ಭಾವಿಸಿ ಗುಣದೋಷಗಳನ್ನು ವಿವೇಚಿಸುವುದು ಅನುಚಿತವಾಗಲಾರದು. ಓದಿದವರು ಈ ಪ್ರಕಾರವನ್ನು ಕಂಡು ಮೂಗು ಮುರಿಯುವುದು ವಾಡಿಕೆ. ಕುರಿಮಂದೆಯ ಯಾತ್ರೆಯೆಂದು ನಾನೂ ಹಲವು ಸಲ ನಕ್ಕವನೇ.

ಆದರೆ ಇದರ ಹುಟ್ಟನ್ನು ನೆನೆದರೆ ಆ ನಗೆ ಅಷ್ಟು ಸಲೀಸಾಗಿ ಬಾರದು. 1841ರ ಜುಲೈ 5ರಂದು ಥಾಮಸ್ ಕುಕ್ ಎಂಬ ಪಾನನಿರೋಧದ ಪ್ರಚಾರಕನು ಲೆಸ್ಟರಿನಿಂದ ಲಫ್‌ಬರೋವಿಗೆ ಸುಮಾರು ಐನೂರು ಮಂದಿಯನ್ನು ತಲೆಗೊಂದು ಷಿಲಿಂಗಿನಂತೆ ರೈಲಿನಲ್ಲಿ ಕರೆದೊಯ್ದದ್ದು, ದುಡಿಯುವ ಬಡವನಿಗೆ ಹೆಂಡದಂಗಡಿಯ ಹೊರಗೂ ಒಂದು ಸಂತೋಷವುಂಟೆಂದು ತೋರಿಸುವುದಕ್ಕಾಗಿ. (ಅವನು ಬಿತ್ತಿದ ಬೀಜದ ಇಂದಿನ ಫಲಗಳಲ್ಲಿ ಪಾನಕ್ಕೆ ಸಲ್ಲುತ್ತಿರುವ ಅಗ್ರಪೂಜೆಯನ್ನು ಕಂಡಿದ್ದರೆ ಆ ಪುಣ್ಯಾತ್ಮ ಏನೆನ್ನುತ್ತಿದ್ದನೋ!) ಇನ್ನು, ಆಕಾಶಮಾರ್ಗದ ಟೂರಿಗೆ ಮೂಲಪುರುಷನೆನಿಸಿಕೊಂಡವನು ಮಾಸ್ಕೋದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ವ್ಲಾಡಿಮಿರ್ ರೈಟ್ಸ್. ಯುದ್ಧ ಮುಗಿದು ಐದು ವರ್ಷವಾದರೂ ಮಾಂಸಕ್ಕೂ ಸಕ್ಕರೆಗೂ ಬ್ರಿಟನ್ನಿನಲ್ಲಿ ರೇಷನ್ ಚೀಟಿ ತಪ್ಪದಿದ್ದ 1950ರಲ್ಲಿ, ಅವನು ಬಾಡಿಗೆ ವಿಮಾನವನ್ನು ಗೊತ್ತುಮಾಡಿ, ಕಾರ್ಸಿಕಾ ದ್ವೀಪದ ಕಾಲ್ವಿಯಲ್ಲಿ ಗುಡಾರ ಹೂಡಿ, ಊಟ ವಸತಿ ಪ್ರಯಾಣಗಳೆಲ್ಲ ಸೇರಿ 32 ಪೌಂಡು 10 ಷಿಲಿಂಗಿಗೆ ಜನರನ್ನು ಕರೆದೊಯ್ದ. ಸರಕಾರ ಅವನಿಗೆ ಮೊದಲು ಕೊಟ್ಟ ಅಪ್ಪಣೆ ವಿದ್ಯಾರ್ಥಿಗಳನ್ನೂ ಉಪಾಧ್ಯಾಯರನ್ನೂ ಒಯ್ಯುವುದಕ್ಕೆ ಮಾತ್ರ. ಅದಕ್ಕೆ ಮೊದಲು ಮೆಡಿಟರೇನಿಯನ್ ಸಮುದ್ರತೀರದ ಬಿಸಿಲು ಸಿರಿವಂತರ ಸೊತ್ತು. ಇಲ್ಲವೇ ದಂಡಿನವರ ಪಾಲು. ಕೊರ್ಫುವೇ 1815ರಿಂದ 1864ರವರೆಗೆ ಬ್ರಿಟಿಷರ ರಕ್ಷಣೆಯಲ್ಲಿದ್ದು, ಅವರ ಅಧಿಕಾರಿಗಳು ಕ್ರಿಕೆಟ್ ಆಡಿದ ಬಯಲು ಇಂದಿಗೂ ಪಟ್ಟಣದ ನಡುವೆ ಇದೆ. ಅವರು ಕುಡಿದ ಶುಂಠಿ ಬಿಯರು ತ್ಸಿತ್ಸಿಬೀರಾ ಎಂಬ ಹೆಸರಿನಲ್ಲಿ ಅಂಗಡಿಗಳಲ್ಲಿ ದೊರೆಯುತ್ತದೆ. ಆ ಅಧಿಕಾರಿಗಳ ಬೂಟಿಗೆ ಬಣ್ಣ ಹಚ್ಚುತ್ತಿದ್ದವರ ಮರಿಮಕ್ಕಳು ಇಂದು ಅದೇ ಬಯಲಿನಂಚಿನಲ್ಲಿ ಕಾಲುಚಾಚಿ ಕುಳಿತು ಕಾಫಿ ತರಿಸಿಕೊಳ್ಳುತ್ತಾರಾದರೆ ಆ ಪುಣ್ಯ ಈ ಪ್ರಕಾರಕ್ಕೇ ಸಲ್ಲತಕ್ಕದ್ದು.

ಕರ್ತೃ ಎಷ್ಟು ಜಾಣನಾದರೂ ಬರೆಯಲಾರದ ಅಧ್ಯಾಯವೊಂದು ನಮ್ಮ ಪಾಲಿಗಿತ್ತು. ಹೆಂಡತಿ ಬ್ರಿಟಿಷ್ ಪಾಸ್‌ಪೋರ್ಟ್ ಪಡೆದವಳು; ಭಾರತದ್ದನ್ನೇ ಹಠದಿಂದ ಉಳಿಸಿಕೊಂಡವನು ನಾನು. ಬ್ರೋಷರಿನ ಪ್ರಕಾರ ಪ್ರವಾಸ ವಿಮಾನನಿಲ್ದಾಣದಲ್ಲಿ ಆರಂಭವಾಗತಕ್ಕದ್ದು. ನನಗೆ ಅದು ವೀಸಾ ಕಚೇರಿಯಲ್ಲಿ, ಬ್ಯಾಂಕಿನ ಲೆಕ್ಕಪತ್ರಗಳ ಕಟ್ಟಿನೊಡನೆ, ಆರು ವಾರ ಮುಂಚೆಯೇ ಆರಂಭವಾಯಿತು. ಅದು ಹಾಗಿರಲಿ.

ವಿಮಾನ ಇಳಿಯುವ ರೀತಿಯೇ ಈ ಕೃತಿಯ ಅತ್ಯುತ್ತಮ ಸನ್ನಿವೇಶ. ಅದನ್ನು ಬರೆದವರು ಯಾರೂ ಇಲ್ಲದಿರುವುದೇ ಅದರ ಚೆಲುವಿಗೆ ಕಾರಣವಿದ್ದೀತು. ಹಾಲಿಕಿಯೊಪುಲು ಎಂಬ ಹಿನ್ನೀರಿಗೆ ಚಾಚಿದ ಓಡುದಾರಿ. ಅದರ ತುದಿಯಾಚೆ ಸೈಪ್ರೆಸ್ ಮರಗಳನ್ನು ಹೊತ್ತು ನೀರಿನಲ್ಲಿ ಕುಳಿತಿರುವ ಪೊಂದಿಕೊನಿಸಿ, ಅಂದರೆ ಇಲಿದ್ವೀಪ. ಪಕ್ಕದ ಕನೋನಿ ಗುಡ್ಡದ ಮೇಲೆ ಕಾಫಿ ಕುಡಿಯುತ್ತ, ತಲೆಯ ಮಟ್ಟದಲ್ಲೇ ಹಾಯುವ ವಿಮಾನಗಳನ್ನು ನೋಡುತ್ತ ಕುಳಿತ ಹಳೆಯ ಯಾತ್ರಿಕರು. ಈ ಇಲಿದ್ವೀಪ ಒಮ್ಮೆ ಹಡಗಾಗಿತ್ತೆಂದು ಐತಿಹ್ಯ. ಹೋಮರನ ಕಾವ್ಯದಲ್ಲಿ, ಸಮುದ್ರ ಉಗುಳಿದ ಒಡಿಸ್ಯೂಸ್ ಉಡಲು ಬಟ್ಟೆಯೂ ಇಲ್ಲದೆ ಫೀಯೇಷಿಯನ್ನರ ನಾಡಿನ ದಡಕ್ಕೆ ಬಿದ್ದಾಗ, ಬಟ್ಟೆ ಒಗೆಯಲು ಹೊಳೆಗೆ ಬಂದಿದ್ದ ರಾಜಕುಮಾರಿ ನೌಸಿಕಾ ಅವನಿಗೆ ಉಡಿಸಿ ಉಣಿಸಿ ಅರಮನೆಯ ದಾರಿ ತೋರುತ್ತಾಳೆ. ಅವಳ ತಂದೆ ಅಲ್ಸಿನೊಸ್ ದೊರೆ ಊಟ, ಗಾನ, ಆಟಗಳೆಲ್ಲ ಮುಗಿದ ಮೇಲಷ್ಟೇ, ಅಯ್ಯಾ ನೀನಾರು ಎಂದು ಕೇಳುತ್ತಾನೆ. ಆ ನಾಡು ಇದೇ ಎಂದು ಕೊರ್ಫುವಿನವರು ಪ್ರಾಚೀನಕಾಲದಿಂದ ಹೆಮ್ಮೆಪಟ್ಟುಕೊಂಡವರು. ಅತಿಥಿಯನ್ನು ಅವನ ಊರಿಗೆ ಮುಟ್ಟಿಸಿ ಹಿಂದಿರುಗುತ್ತಿದ್ದ ಹಡಗನ್ನು ಪೊಸೈಡನ್ ದೇವತೆ ಬಂದರಿನ ಎದುರಿಗೇ ಕಲ್ಲಾಗಿಸಿದ. ಇನ್ನು ಮುಂದೆ ಪರದೇಶಿಗಳನ್ನು ಸಾಗಿಸುವ ಕೆಲಸವೇ ಬೇಡವೆಂದು ದೊರೆ ತನ್ನ ಜನಕ್ಕೆ ಹೇಳಿದ. ಆ ಕಲ್ಲಾದ ಹಡಗಿನ ನೆತ್ತಿಯ ಮೇಲೆಯೇ ಬೇಸಗೆಯ ಉದ್ದಕ್ಕೂ ಚಾರ್ಟರ್ ವಿಮಾನಗಳು ಒಂದರ ಹಿಂದೊಂದು ಪರದೇಶಿಗಳನ್ನು ತಂದು ಇಳಿಸುತ್ತವೆ.

ತಿಥಿಯನ್ನು ತಿಳಿಸದೆ ಬರುವವನು ಅತಿಥಿ ಎಂದು ನಮ್ಮ ಹಿರಿಯರು ನಿರುಕ್ತಿ ಹೇಳುತ್ತಿದ್ದರು. ಗ್ರೀಕರ ಕ್ಸೆನೊಸ್ ಎಂಬ ಪ್ರಾಚೀನ ಶಬ್ದವೂ ಅಪರಿಚಿತ, ಅತಿಥಿ ಎಂಬ ಎರಡು ಅರ್ಥಗಳನ್ನೂ ಒಂದೇ ಮಡಿಲಲ್ಲಿ ಹೊತ್ತದ್ದು. ನಾವಾದರೋ ತಿಥಿ, ವಾರ, ಗಳಿಗೆಗಳೆಲ್ಲವನ್ನೂ ಆರು ತಿಂಗಳ ಮೊದಲೇ ಗೊತ್ತುಮಾಡಿ ಹಣ ಕಟ್ಟಿ ಬಂದವರು; ಶನಿವಾರ ಹನ್ನೊಂದಕ್ಕೆ ಒಂದು ಜೋಡಿ ಹೊರಟರೆ ನಾಲ್ಕರೊಳಗೆ ಹಾಸಿಗೆಯ ವಸ್ತ್ರ ಬದಲಾಗಿ ಅದೇ ಕೊಠಡಿಯಲ್ಲಿ ಮತ್ತೊಂದು ಜೋಡಿ. ಪ್ಯಾಕೇಜ್ ಟೂರಿನ ಮೂಲದೋಷವೇನೆಂದು ಕೇಳಿದರೆ, ಅದು ಸುಖವನ್ನು ಮಾರುತ್ತದೆ ಎಂಬುದಲ್ಲ, ಜನರನ್ನು ಗುಂಪುಗೂಡಿಸುತ್ತದೆ ಎಂಬುದೂ ಅಲ್ಲ. ಅತಿಥಿ ಮತ್ತು ಆತಿಥೇಯರ ನಡುವಣ ವ್ಯವಹಾರ ಅವರಿಬ್ಬರೂ ಸಂಧಿಸುವ ಮೊದಲೇ, ಮೂರನೆಯವನೊಬ್ಬನ ಮೇಜಿನ ಮೇಲೆ, ಮುಗಿದುಹೋಗಿರುತ್ತದೆ ಎಂಬುದು.

ಈ ದೋಷ ಎಲ್ಲೆಲ್ಲಿ ತನ್ನನ್ನು ತಾನು ಮರೆಮಾಚಲು ಹೊರಡುತ್ತದೆಯೋ ಅಲ್ಲೆಲ್ಲ ಕೃತಿ ಕೆಡುತ್ತದೆ. ನಮ್ಮ ಹೊಟೆಲಿನಲ್ಲಿ ಬುಧವಾರ 'ಗ್ರೀಕ್ ನೈಟ್' ಎಂಬ ಅಂಕವಿತ್ತು. ಈಜುಕೊಳದ ಬದಿಯಲ್ಲಿ ದೀಪಮಾಲೆ, ಬೂಝೂಕಿ ವಾದ್ಯ, ಹೆಗಲಿಗೆ ಹೆಗಲು ಹಚ್ಚಿ ಕುಣಿಯುವ ನಾಲ್ವರು ಯುವಕರು. ನಿಧಾನವಾಗಿ ಮೊದಲಾಗಿ ಬರಬರುತ್ತ ಉನ್ಮಾದಕ್ಕೇರುವ ಆ ಕುಣಿತವನ್ನು ಗ್ರೀಕರು ಸಹಸ್ರಾರು ವರ್ಷಗಳಿಂದ ಕುಣಿಯುತ್ತ ಬಂದಿದ್ದಾರೆಂದು ನಿರೂಪಕ ಹೇಳಿದ. ಆದರೆ ಸಿರ್ತಾಕಿಯೆಂಬ ಆ ನೃತ್ಯ 1964ರ 'ಜೋರ್ಬಾ ದ ಗ್ರೀಕ್' ಚಲನಚಿತ್ರಕ್ಕಾಗಿ ಹಳೆಯ ಹೆಜ್ಜೆಗಳಿಂದ ಹೊಸದಾಗಿ ಹೊಸೆದದ್ದು. ಸಂಗೀತ ಮಿಕಿಸ್ ಥಿಯೊಡೊರಾಕಿಸನದು, ಚಿತ್ರಣ ನಡೆದದ್ದು ದೂರದ ಕ್ರೀಟಿನಲ್ಲಿ. ಕೃತಕವಾದುದೆಲ್ಲ ಕೆಟ್ಟದ್ದೆಂದು ನಾನು ಹೇಳುವವನಲ್ಲ. ಅರುವತ್ತು ವರ್ಷ ಜನ ಕುಣಿದರೆ ಯಾವ ಕುಣಿತವಾದರೂ ಜಾನಪದವೇ ಆದೀತು. ನನ್ನ ಆಕ್ಷೇಪ ಬೇರೆ. ಕೊರ್ಫು ನಾಲ್ಕು ಶತಮಾನ ವೆನಿಸ್ಸಿನ ಅಧೀನದಲ್ಲಿದ್ದು ಇಟಲಿಯ ಸಂಗೀತವನ್ನು ಉಂಡು ಬೆಳೆದ ನಾಡು. ಗ್ರೀಸಿನ ರಾಷ್ಟ್ರಗೀತೆಗೆ ರಾಗ ಕೂಡಿಸಿದ ಮಂದ್ಜಾರೋಸ್ ಇಲ್ಲಿಯವನು. 1840ರಲ್ಲಿ ಅವನ ಕಲಾನಿರ್ದೇಶನದಲ್ಲಿ ಮೊದಲಾದ ಫಿಲ್‌ಹಾರ್ಮೋನಿಕ್ ಸಂಘ ಇಂದಿಗೂ ಇದ್ದು, ಹಳ್ಳಿಹಳ್ಳಿಗೂ ಹಿತ್ತಾಳೆಯ ವಾದ್ಯಗಳ ಬ್ಯಾಂಡುಗಳು ಹಬ್ಬಿವೆ. ತನ್ನ ಮನೆಯಲ್ಲಿ ಇಷ್ಟು ಐಶ್ವರ್ಯವಿಟ್ಟುಕೊಂಡು, ಬಂದವರು ನಿರೀಕ್ಷಿಸಿದ್ದು ಬೇರೆಯೆಂಬ ಒಂದೇ ಕಾರಣಕ್ಕೆ ಪರರ ಒಡವೆ ತೊಟ್ಟು ಎದುರು ನಿಲ್ಲುವ ದ್ವೀಪವನ್ನು ಕಂಡು ನನಗೆ ನಗುವಿಗಿಂತ ಸಂಕೋಚವೇ ಹೆಚ್ಚಾಯಿತು. ಏಕೆಂದರೆ ಆ ನಿರೀಕ್ಷೆಯನ್ನು ಹೊತ್ತು ತಂದವರಲ್ಲಿ ನಾನೂ ಒಬ್ಬನಲ್ಲವೆ?

ಆ ಅಂಕದ ಬಗ್ಗೆ ಇಷ್ಟು ಸಾಕು. ಇಡೀ ಕೃತಿಯಲ್ಲಿ ನನಗೆ ಅತ್ಯಂತ ಜಾಣತನದ್ದೆಂದು ಕಂಡದ್ದು, ಕರ್ತೃ ಬಹುಶಃ ಖರ್ಚಿನ ದೃಷ್ಟಿಯಿಂದ ಮಾತ್ರ ಬಿಟ್ಟಿದ್ದ ಒಂದು ಖಾಲಿ ಜಾಗ: ಮಧ್ಯಾಹ್ನದ ಊಟ. ನಮ್ಮದು ಹಾಫ್ ಬೋರ್ಡ್. ಪಕ್ಕದ ಹೊಟೆಲಿನವರದು ಆಲ್ ಇನ್‌ಕ್ಲೂಸಿವ್. ಅವರ ಮಣಿಕಟ್ಟಿಗೆ ಬಂದ ದಿವಸವೇ ಪ್ಲಾಸ್ಟಿಕ್ ಪಟ್ಟಿಯ ಕಂಕಣ ಕಟ್ಟಲಾಗುತ್ತದೆ, ಹೊರಡುವ ದಿವಸದ ವಿಸರ್ಜನೆಯವರೆಗೆ ಅವರಿಗೆ ಗೇಟಿನಾಚೆ ಹೋಗುವ ಪ್ರಮೇಯವೇ ಬಾರದು. ಹಣವನ್ನು ಮುಂದಾಗಿಯೇ ಕೊಟ್ಟವನು ಹೊರಗೆ ಹೋಗಿ ಮತ್ತೆ ಕೊಟ್ಟು ಉಣ್ಣುವನೇ? ಹೀಗಾಗಿ ಊರಿನ ಬೀದಿಯಲ್ಲಿ ತವೆರ್ನಾ ಎಂಬ ಊಟದ ಮನೆ ನಡೆಸುವವನು ತನ್ನ ಊರಿಗೆ ಬಂದವರನ್ನು ಬೇಲಿಯ ಈಚೆಯಿಂದ ನೋಡುತ್ತಾನೆ. ನಮ್ಮನ್ನು ಮಾತ್ರ ಹಸಿವು ಪ್ರತಿದಿನ ಒಂದು ಗಂಟೆಗೆ ಕತ್ತುಹಿಡಿದು ಹೊರದಬ್ಬಿತು.

ಶಾಕಾಹಾರಿಗಳು ನಾವು, ಮೊದಲ ದಿನ ಸೌತೆ, ಟೊಮ್ಯಾಟೊ, ಫೆಟಾ ಗಿಣ್ಣುಗಳ ಮೇಲೆ ಕಾಲ ಕಳೆದೆವು. ಎರಡನೆಯ ದಿನ ತವೆರ್ನಾದ ಒಡತಿ, ನಮ್ಮ ಕೈಸನ್ನೆಗಳನ್ನೆಲ್ಲ ಸಾವಧಾನವಾಗಿ ನೋಡಿ, "ನಿಸ್ತಿಸಿಮೋ?" ಎಂದು ಕೇಳಿದಳು. ಆರ್ಥೊಡಾಕ್ಸ್ ಕ್ರೈಸ್ತರ ಉಪವಾಸದ ಆಹಾರಕ್ಕೆ ಆ ಹೆಸರು. ಮಾಂಸವಿಲ್ಲ, ಮೊಟ್ಟೆಯಿಲ್ಲ, ಹಾಲೂ ಇಲ್ಲ. (ಆದರೆ ರಕ್ತವಿಲ್ಲದ ಪ್ರಾಣಿಯೆಂಬ ವಿನಾಯಿತಿಯಿಂದ ಅಷ್ಟಪದಿ ಅದರೊಳಗೆ ನುಸುಳಿಬಿಡುತ್ತದೆ, ಎಚ್ಚರವಿರಬೇಕು.) ಟೊಮ್ಯಾಟೊ ರಸದಲ್ಲಿ ಬೆಂದ ದಪ್ಪ ಅವರೆಯಂಥ ಕಾಳು, ಆಲಿವ್ ಎಣ್ಣೆಯೂ ನಿಂಬೆಯೂ ಸೋಕಿದ ಬೇಯಿಸಿದ ಸೊಪ್ಪು, ರೊಟ್ಟಿ. "ಬಸ್ಸಾರಿಗೆ ಬೇಯಿಸಿಟ್ಟ ಸೊಪ್ಪಿನ ಹಾಗೇ ಇದೆ" ಎಂದಳು ನನ್ನವಳು. ಪರದೇಶದಲ್ಲಿ ಕಂಡದ್ದೆಲ್ಲ ನಮ್ಮದರಂತೆಯೇ ಎಂದು ಹಿಗ್ಗುವುದು ಪ್ರವಾಸಿಗೆ ತಗಲುವ ಇನ್ನೊಂದು ರೋಗವೆಂದು ನಾನು ಉಪನ್ಯಾಸಕ್ಕೆ ತೊಡಗಿದೆ. ಅವಳು ಕೇಳಿಸಿಕೊಳ್ಳದೆ ಇನ್ನೊಂದು ತಟ್ಟೆಗೆ ಹೇಳಿದಳು.

ಆಗಸ್ಟ್ 11 ನಮ್ಮ ವಾರದ ನಡುವೆ ಬಿದ್ದದ್ದು ಕೇವಲ ಆಕಸ್ಮಿಕ. ಆ ದಿನ ಪಟ್ಟಣದಲ್ಲಿ ಸಂತ ಸ್ಪಿರಿಡೋನನ ಉತ್ಸವವೆಂದು ಹೇಳಿದವಳೂ ಆ ಒಡತಿಯೇ. ಆ ಸಂತನ ಹೆಸರನ್ನೇ ಹೊತ್ತ ಅವಳ ಗಂಡ ಸ್ಪಿರೋಸ್, ಮಗನೂ ಯಾವ ಲೆಕ್ಕದಲ್ಲೋ ಸ್ಪಿರೋಸ್, ಬೀದಿಯಲ್ಲಿ ಆ ಹೆಸರು ಹಿಡಿದು ಕೂಗಿದರೆ ಅರ್ಧ ಊರು ತಿರುಗಿ ನೋಡೀತು. ಕಂಪೆನಿಯ ಪಟ್ಟಣದರ್ಶನದ ಬಸ್ಸು ಹೋಗುವುದು ಗುರುವಾರ, ಉತ್ಸವ ಗುರುವಾರವಲ್ಲ. ಹೀಗಾಗಿ ಹಳ್ಳಿಗರ ಹಸಿರು ಬಸ್ಸನ್ನು ಹತ್ತಿದೆವು. ಕಾನ್‌ಸ್ಟಾಂಟಿನೋಪಲ್ 1453ರಲ್ಲಿ ಬಿದ್ದ ಮೇಲೆ ಈ ದ್ವೀಪಕ್ಕೆ ಬಂದು ಸೇರಿದ ಸಂತನ ದೇಹವನ್ನು ವರ್ಷಕ್ಕೆ ನಾಲ್ಕು ಸಲ ಪಟ್ಟಣದ ಬೀದಿಗಳಲ್ಲಿ ಮೆರೆಸುತ್ತಾರೆ. ಅವುಗಳಲ್ಲಿ ಈ ದಿನದ್ದು, 1716ರಲ್ಲಿ ತುರ್ಕರ ಮುತ್ತಿಗೆಯಿಂದ ಊರು ಪಾರಾದುದರ ಸ್ಮರಣೆ. ಕಿರಿದಾದ ವೆನಿಸ್ ಮಾದರಿಯ ಗಲ್ಲಿಗಳು, ಕಿಟಕಿಕಿಟಕಿಗೂ ತೂಗಿದ ಕೆಂಪು ವಸ್ತ್ರ, ಹಿತ್ತಾಳೆಯ ಶಿರಸ್ತ್ರಾಣ ತೊಟ್ಟು ನಿಧಾನಗತಿಯ ಹೆಜ್ಜೆ ಹಾಕುತ್ತ ಬರುವ ಬ್ಯಾಂಡಿನವರು, ಧೂಪ, ಪಾದ್ರಿಗಳು, ಆಮೇಲೆ ನಿಂತ ಭಂಗಿಯಲ್ಲಿಯೇ ಗಾಜಿನೊಳಗೆ ತೂಗಾಡುತ್ತ ಬಂದ ಆ ಕಪ್ಪಾದ ಪುಟ್ಟ ಮುಖ. ಅದುವರೆಗೆ ಮಾತನಾಡುತ್ತಿದ್ದ ಬೀದಿ ಒಮ್ಮೆಲೇ ಮೌನವಾಯಿತು. ಬುಧವಾರದ ಈಜುಕೊಳದ ಬಳಿ ನಾವು ಕಂಡಿದ್ದು ನಮಗಾಗಿ ನಡೆದದ್ದು. ಇದು ನಾವಿದ್ದರೂ ಇಲ್ಲದಿದ್ದರೂ ನಡೆಯುವಂಥದು, ನಮ್ಮ ಹಂಗಿಲ್ಲದ್ದು. ಆ ಹಂಗಿಲ್ಲದಿರುವಿಕೆಯಲ್ಲಿಯೇ ಏನೋ ಒಂದು ಬಗೆಯ ಗೌರವ ನಮಗೂ ದೊರೆತಂತಾಯಿತು. ಬಿಸಿಲಿಗೆ ನನ್ನ ಹೆಂಡತಿ ಸೋತು ಗೋಡೆಗೆ ಒರಗಿದ್ದನ್ನು ಕಂಡು, ಕರಿಯ ಉಡುಪಿನ ಮುದುಕಿಯೊಬ್ಬಳು ತಾನು ಕುಳಿತಿದ್ದ ಮೆಟ್ಟಲಿನಲ್ಲಿ ಅರ್ಧ ಸರಿದು, ನೆರಳಿನ ಪಾಲನ್ನು ಅಂಗೈಯಿಂದ ತಟ್ಟಿ ತೋರಿಸಿದಳು. ಯಾವ ದೇಶ, ಯಾವ ಹೊಟೆಲು, ಏನೂ ಕೇಳಲಿಲ್ಲ.

ಇಷ್ಟು ದೋಷಗಳನ್ನು ಎತ್ತಿ ಆಡಿದವನು ಈ ಪ್ರಕಾರದ ದೊಡ್ಡ ಗುಣವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಟಿಕೆಟ್ಟು, ಗಾಡಿ, ಮಂಚ, ರಾತ್ರಿಯ ಅನ್ನ, ಇವುಗಳ ಚಿಂತೆಯನ್ನೆಲ್ಲ ಅದು ಕಿತ್ತುಕೊಂಡುಬಿಡುತ್ತದೆ. ಸಂಸಾರದ ಅರ್ಧ ಮಾತುಕತೆ ನಿಂತಿರುವುದು ಆ ಚಿಂತೆಗಳ ಮೇಲೆಯೇ ಆದುದರಿಂದ, ಮೂರನೆಯ ದಿನದ ಹೊತ್ತಿಗೆ ನಮ್ಮಿಬ್ಬರಿಗೂ ಆಡಲು ಮಾತೇ ಉಳಿಯಲಿಲ್ಲ. ಅದೊಂದು ಭಯಂಕರವಾದ ಅರ್ಧ ದಿವಸ. ಎದುರಿಗೆ ಕಿರಿದಾದ ಜಲಸಂಧಿಯಾಚೆ ಅಲ್ಬೇನಿಯದ ಬೋಳು ಬೆಟ್ಟಗಳು ಸಂಜೆಯ ಬೆಳಕಿನಲ್ಲಿ ಗುಲಾಬಿಯಾಗಿ, ನೇರಳೆಯಾಗಿ, ಬೂದಿಯಾಗುವವರೆಗೆ ಸುಮ್ಮನೆ ಕುಳಿತೆವು. ಕತ್ತಲಾದ ಮೇಲೆ ಅವಳು, ಮದುವೆಗೆ ಮೊದಲು ತಾನು ಮೈಸೂರಿನ ಕಾಲೇಜಿನಲ್ಲಿ ಈಜು ಕಲಿಯಬೇಕೆಂದು ಆಸೆಪಟ್ಟು ಮನೆಯಲ್ಲಿ ಬೈಸಿಕೊಂಡ ಕಥೆಯನ್ನು ಹೇಳಿದಳು. ಇಪ್ಪತ್ತೆರಡು ವರ್ಷದಲ್ಲಿ ಅದನ್ನು ನಾನು ಕೇಳಿರಲಿಲ್ಲ. ಮಾರನೆಯ ಬೆಳಿಗ್ಗೆ ಸೊಂಟದ ಮಟ್ಟದ ನೀರಿನಲ್ಲಿ, ಸಲ್ವಾರ್ ಕಮೀಜಿನಲ್ಲಿಯೇ, ಅಕ್ಕಪಕ್ಕದ ಇಂಗ್ಲಿಷ್ ಹೆಂಗಸರಿಬ್ಬರು ಕೈಹಿಡಿದು ಕಲಿಸಿದ್ದನ್ನು ನಾನು ದಡದ ಮೇಲೆ ಚಪ್ಪಲಿ ಕಾಯುತ್ತ ನೋಡಿದೆ.

ಹಿಂದಿರುಗುವಾಗ ವಿಮಾನದಲ್ಲಿ ಕಂಪೆನಿಯವರು ಅಭಿಪ್ರಾಯಪತ್ರ ಹಂಚಿದರು: ಕೊಠಡಿ, ಊಟ, ಪ್ರತಿನಿಧಿಯ ನಡವಳಿಕೆ, ಪ್ರತಿಯೊಂದಕ್ಕೂ ಐದೈದು ಚೌಕ. ವಿಮರ್ಶಕನೆಂಬ ಹಮ್ಮಿನಲ್ಲಿ ನಾನು ಪೆನ್ನು ಹುಡುಕುತ್ತಿರುವಷ್ಟರಲ್ಲಿ ಹೆಂಡತಿ ಅದನ್ನು ತೆಗೆದುಕೊಂಡು, ಚೌಕಗಳನ್ನೆಲ್ಲ ಹಾಗೆಯೇ ಬಿಟ್ಟು, ಕೊನೆಯಲ್ಲಿ 'ಇತರ ಸಲಹೆಗಳು' ಎಂದಿದ್ದ ಗೆರೆಯ ಮೇಲೆ ಒಂದು ಸಾಲು ಬರೆದು ಮಡಚಿ ಕೊಟ್ಟಳು. ಏನು ಬರೆದೆ ಎಂದು ಕೇಳಿದೆ.

"ದಯವಿಟ್ಟು ಮಧ್ಯಾಹ್ನದ ಊಟ ಮಾತ್ರ ಕೊಡಬೇಡಿ ಅಂತ" ಎಂದಳು.