ಒಂದಕ್ಷರಕ್ಕೆ ಮೂರರ್ಥ

1986ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಅವರು ಗ್ನೂ ಯೋಜನೆಯ ಅಂಗವಾಗಿ ರಚಿಸಿದ ಜಿಡಿಬಿ ಎಂಬ ಡೀಬಗರು, ಓಡುತ್ತಿರುವ ಪ್ರೋಗ್ರಾಮನ್ನು ನಡುದಾರಿಯಲ್ಲಿ ತಡೆದು ನಿಲ್ಲಿಸಿ ಅದರ ಅಂತರಂಗವನ್ನು ಪರೀಕ್ಷಿಸಲು ನೆರವಾಗುವ ಸಾಧನಗಳಲ್ಲಿ ಅಗ್ರಗಣ್ಯವಾದುದೆಂಬ ವಿಷಯದಲ್ಲಿ ನನಗೆ ಸಂದೇಹವಿಲ್ಲ. ಆದರೆ ಅದರ ಆಜ್ಞೆಗಳ ಹೆಸರುಗಳನ್ನು ಒಂದು ಪರಿಭಾಷೆಯೆಂದು ಬಗೆದು, ಶಾಸ್ತ್ರಗ್ರಂಥಕ್ಕೆ ಒಡ್ಡುವ ಒರೆಗಲ್ಲಿಗೇ ಅವನ್ನೂ ಒಡ್ಡಿದಾಗ, ನನ್ನ ಪ್ರಶಂಸೆ ಅಲ್ಲಲ್ಲಿ ತಡವರಿಸುತ್ತದೆ.

ಒಂದು ಅರ್ಥಕ್ಕೆ ಹಲವು ಪದಗಳಿರುವುದನ್ನು ನಾನು ದೋಷವೆಂದು ಎಣಿಸುವವನಲ್ಲ. ಫಂಕ್ಷನ್ನುಗಳ ಕರೆಸರಣಿಯನ್ನು ತೋರಿಸೆನ್ನಲು ‘ಬ್ಯಾಕ್‌ಟ್ರೇಸ್’ ಎಂದರೂ ‘ವೇರ್’ ಎಂದರೂ ಫಲವೊಂದೇ. ಇದರಿಂದ ಯಾರೂ ದಾರಿತಪ್ಪರು. ಒಂದೇ ಗುರುತಿಗೆ ಹಲವು ಅರ್ಥಗಳಿರುವುದು ಮಾತ್ರ ಬೇರೆಯ ಮಾತು. ‘ಆರ್‌ವಾಚ್’ ಎಂಬಲ್ಲಿನ ‘ಆರ್’ ಅಕ್ಷರವು ಓದುವಿಕೆಯನ್ನು ಸೂಚಿಸಿ, ಸ್ಮೃತಿಯ ಒಂದು ನೆಲೆಯನ್ನು ಪ್ರೋಗ್ರಾಮು ಓದಿದೊಡನೆ ಅದನ್ನು ನಿಲ್ಲಿಸುತ್ತದೆ. ‘ಆರ್‌ಬ್ರೇಕ್’ ಎಂಬಲ್ಲಿ ಅದೇ ಅಕ್ಷರವು ರೆಗ್ಯುಲರ್ ಎಕ್ಸ್‌ಪ್ರೆಶನ್ನಿನ ಸಂಕೇತವಾಗಿ, ಆ ಮಾದರಿಗೆ ಹೊಂದುವ ಹೆಸರುಳ್ಳ ಫಂಕ್ಷನ್ನುಗಳಿಗೆಲ್ಲ ತಡೆಗಳನ್ನು ನೆಡುತ್ತದೆ. ‘ಆರ್‌ಸಿ’ ಎಂದಾಗಲಾದರೋ ಅದು ಹಿಮ್ಮುಖಗತಿಯನ್ನು ಹೇಳುತ್ತದೆ. ಪಾಣಿನಿಯ ಮಾಹೇಶ್ವರಸೂತ್ರಗಳಲ್ಲಿಯೂ ಣಕಾರವು ಎರಡೆಡೆ ಗುರುತಕ್ಷರವಾಗಿ ಬಂದು, ‘ಅಣ್’ ಎಂದಾಗ ಯಾವ ಣಕಾರದವರೆಗೆ ಎಣಿಸಬೇಕೆಂಬ ಶಂಕೆಗೆ ವ್ಯಾಖ್ಯಾನಕಾರರು ಸಮಾಧಾನ ಹೇಳಬೇಕಾಯಿತು. ಆದರೆ ವ್ಯಾಕರಣವನ್ನೋದುವವನ ಪಕ್ಕದಲ್ಲಿ ಗುರುವಿದ್ದನು, ನಡುರಾತ್ರಿಯಲ್ಲಿ ಕೆಟ್ಟು ನಿಂತ ಪ್ರೋಗ್ರಾಮಿನ ಮುಂದೆ ಕುಳಿತವನ ಪಕ್ಕದಲ್ಲಿ ಆರಿಹೋದ ಕಾಫಿಯ ಲೋಟ ಮಾತ್ರವಿರುವುದು.

‘ಬ್ಯಾಕ್‌ಟ್ರೇಸ್’ ಎಂದೊಡನೆ ಮೇಲಿನ ಸಾಲಿನಲ್ಲಿ, ಸೊನ್ನೆಯ ಅಂಕವನ್ನು ಹೊತ್ತು, ಈಗ ನಿಂತಿರುವ ಫಂಕ್ಷನ್ನು ಮೂಡುವುದು. ಅದನ್ನು ಕರೆದದ್ದು ಅದರ ಕೆಳಗೆ, ಹೀಗೆ ಇಳಿಯುತ್ತ ಕಟ್ಟಕಡೆಗೆ ‘ಮೇನ್’. ಈ ಪಟ್ಟಿಯನ್ನು ನೋಡುತ್ತ ‘ಅಪ್’ ಎಂದರೆ ಸಾಧನವು ಸೊನ್ನೆಯಿಂದ ಒಂದಕ್ಕೆ, ಅಂದರೆ ಕಣ್ಣಿಗೆ ಕಾಣುವಂತೆ ಕೆಳಕ್ಕೆ, ಸರಿಯುತ್ತದೆ. ಕರೆದವನು ಮೇಲಿನವನೆಂಬ ತತ್ತ್ವವು ಸಾಧುವೇ. ಪೈಥಾನಿನ ಪಿಡಿಬಿಯು ಅದೇ ತತ್ತ್ವವನ್ನು ಹಿಡಿದು, ಈಗಿನ ಫಂಕ್ಷನ್ನನ್ನು ಪಟ್ಟಿಯ ಬುಡದಲ್ಲಿರಿಸಿ, ಮಾತಿಗೂ ಕಣ್ಣಿಗೂ ಸಾಮರಸ್ಯವನ್ನುಂಟುಮಾಡಿತು.

ಆ ಪಿಡಿಬಿಯೇ ಮತ್ತೊಂದು ವಿಧದಲ್ಲಿ ನನ್ನನ್ನು ಕೆಡವಿತೆಂಬುದನ್ನೂ ಒಪ್ಪಿಕೊಳ್ಳಬೇಕು. ಅಲ್ಲಿ ‘ರಿಟರ್ನ್’ ಎಂದರೆ ಈ ಫಂಕ್ಷನ್ನನ್ನು ಕೊನೆಯವರೆಗೆ ನಡೆಯಿಸಿ ನಿಲ್ಲೆಂದರ್ಥ. ಜಿಡಿಬಿಯಲ್ಲಿ ಆ ಕೆಲಸದ ಹೆಸರು ‘ಫಿನಿಷ್’, ‘ರಿಟರ್ನ್’ ಎಂದರೆ ಉಳಿದ ಸಾಲುಗಳನ್ನು ಬಿಟ್ಟು ಈಗಲೇ ಹೊರಬೀಳೆಂದು. ಕೆಲವು ದಿನ ಪೈಥಾನಿನಲ್ಲಿ ಕಳೆದು ಬಂದ ನಾನು, ಅದು ಕೇಳಿದ ಖಚಿತಪಡಿಸುವ ಪ್ರಶ್ನೆಗೆ ಓದದೆಯೇ ‘ವೈ’ ಒತ್ತಿದೆನು; ಕೊನೆಯ ಸಾಲಿನಲ್ಲಿ ಬಿಡಬೇಕಾಗಿದ್ದ ಲಾಕು ಹಾಗೆಯೇ ಉಳಿದು ಪ್ರೋಗ್ರಾಮು ಮುಂದೆ ಸ್ತಬ್ಧವಾಗಲು, ನಾನೇ ಉಂಟುಮಾಡಿದ ದೋಷವನ್ನು ಅರ್ಧ ಗಂಟೆ ಪರರ ಕೋಡಿನಲ್ಲಿ ಹುಡುಕಿದೆನು.

ಪರೀಕ್ಷಿಸಲ್ಪಡುವ ಪ್ರೋಗ್ರಾಮಿನ ಸ್ಥಿತಿಗೆ ‘ಇನ್ಫೋ’, ಡೀಬಗರಿನ ಸ್ವಂತ ಸ್ಥಿತಿಗೆ ‘ಶೋ’ ಎಂಬ ಜಿಡಿಬಿಯ ವಿಭಾಗವು ಸೂಕ್ಷ್ಮಮತಿಯ ಕೃತಿ. ಆದರೆ ಆ ಎರಡು ಪದಗಳಲ್ಲಿ ಈ ಭೇದವನ್ನು ಸೂಚಿಸುವಂಥದು ಏನೂ ಇಲ್ಲ, ಬಾಯಿಪಾಠವೊಂದೇ ಗತಿ. ಎಲ್‌ಎಲ್‌ವಿಎಂ ಯೋಜನೆಯ ಎಲ್‌ಎಲ್‌ಡಿಬಿಯಾದರೋ, ಮೊದಲು ವಸ್ತು, ಬಳಿಕ ಕ್ರಿಯೆ ಎಂಬ ನಿಯಮವನ್ನು ಹಾಕಿಕೊಂಡು, ‘ಬ್ರೇಕ್‌ಪಾಯಿಂಟ್ ಸೆಟ್’, ‘ಥ್ರೆಡ್ ಸ್ಟೆಪ್-ಔಟ್’ ಎಂದು ಮುಂತಾಗಿ, ಊಹೆಗೆ ನಿಲುಕುವ ಹೆಸರುಗಳನ್ನಿಟ್ಟಿತು. ಇದು ನಿಜವಾದ ಪರಿಭಾಷೆ. ಆದರೆ ದಿನಕ್ಕೆ ನೂರು ಸಲ ಅಷ್ಟುದ್ದವನ್ನು ಬೆರಳುಗಳು ಸಹಿಸವಾದುದರಿಂದ, ಅದು ಹಳೆಯ ‘ಬಿ’, ‘ಎಸ್’, ‘ಎನ್’ಗಳನ್ನೂ ‘ಫಿನಿಷ್’ ಅನ್ನೂ ಒಳಕ್ಕೆ ಬಿಟ್ಟುಕೊಂಡಿತು. ಅವುಗಳ ಹಿಂದೆಯೇ ‘ಅಪ್’ ಕೂಡ ಬಂದಿತು, ಅಲ್ಲಿಯೂ ಪಟ್ಟಿಯು ಸೊನ್ನೆಯಿಂದ ಕೆಳಕ್ಕಿಳಿಯುತ್ತಿರಲಾಗಿ, ಅಲ್ಲಿಯೂ ಅದು ಕೆಳಕ್ಕೇ ಸರಿಯುತ್ತದೆ.